ಸ್ಕ್ರೀನ್ ಕೊಟ್ರಿ, ಪೇಷೆಂಟ್ ಪಕ್ಕ ನಿಲ್ಲೋರನ್ನೂ ಕೊಡಿ: ಆರೋಗ್ಯ ಇಲಾಖೆ ನಡೆಸೋರಿಗೆ ಒಂದು ಬಹಿರಂಗ ಪತ್ರ

ನಮಸ್ಕಾರ.

ಹಳ್ಳಿ ಜನರ ಆರೋಗ್ಯದ ಬಗ್ಗೆ ತೀರ್ಮಾನ ತಗೊಳ್ಳೋ ಮಂತ್ರಿಗಳು, ಇಲಾಖೆ ಅಧಿಕಾರಿಗಳು, ಬಜೆಟ್ ಬರೆಯೋರು, ಟೆಲಿಮೆಡಿಸಿನ್, ಅಂದ್ರೆ ಫೋನು ವಿಡಿಯೋಲಿ ದೂರದಿಂದ್ಲೇ ಪೇಷೆಂಟ್ ನೋಡೋ ಯೋಜನೆಗೆ ಟೆಂಡರ್ ಕರೆಯೋರು, ನಿಮ್ಮೆಲ್ಲರಿಗೂ ಸೇರಿಸಿ ಈ ಪತ್ರ. ನಾನು ಡಾಕ್ಟರ್. ಕೆಲವು ವರ್ಷ ಹಳ್ಳಿ ಆಸ್ಪತ್ರೆಲಿ ಪೇಷೆಂಟ್ ಪಕ್ಕ ನಿಂತ್ಕೊಂಡು ದೂರದ ಸ್ಪೆಷಲಿಸ್ಟ್‌ಗೆ ವಿಡಿಯೋ ಕಾಲ್ ಮಾಡಿದೀನಿ, ಆಮೇಲೆ ಕೆಲವು ವರ್ಷ ಆ ತುದಿಲಿ ಕೂತು, ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು, ಒಂದಾದ್ಮೇಲೆ ಒಂದು ಕಾಲ್ ತಗೊಂಡಿದೀನಿ. ಎರಡೂ ಕಡೆ ಇದ್ದು ನೋಡಿದ್ದಕ್ಕೆ ಹೇಳೋಕೆ ಒಂದು ಮಾತಿದೆ, ಮೊದ್ಲೇ ಹೇಳ್ಬಿಡ್ತೀನಿ. ಟೆಲಿಮೆಡಿಸಿನ್ ಕೆಲಸ ಮಾಡುತ್ತೆ, ಚೆನ್ನಾಗೇ ಮಾಡುತ್ತೆ, ಆದ್ರೆ ಪೇಷೆಂಟ್ ಪಕ್ಕದಲ್ಲಿ ಕೆಲಸ ಗೊತ್ತಿರೋ ಒಬ್ರು ಇದ್ದಾಗ. ನೀವು ಸ್ಕ್ರೀನಿಗೆ ದುಡ್ಡು ಇಡ್ತಿದೀರಿ, ಆ ಒಬ್ರಿಗೆ ಇಡ್ತಿಲ್ಲ.

ಒಂದು ಕಾಲ್ ಬಗ್ಗೆ ಹೇಳ್ತೀನಿ. ಒಬ್ರು ತಾಯಿ ಮನೆಯಿಂದ್ಲೇ ವಿಡಿಯೋ ಕಾಲ್ ಮಾಡಿದ್ರು. ಎಂಟು ತಿಂಗಳ ಮಗು, ಎರಡು ದಿನದಿಂದ ಕೆಮ್ಮು, ಜ್ವರ, ಹಾಲು ಸರಿಯಾಗಿ ಕುಡೀತಿಲ್ಲ. ಅಂಗಿ ಮೇಲೆತ್ತಿ ಎದೆ ತೋರ್ಸಿ ಅಂದೆ. ಯಾಕಂದ್ರೆ ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗು ನಿಮಿಷಕ್ಕೆ 50 ಅಥವಾ ಅದಕ್ಕಿಂತ ಜಾಸ್ತಿ ಸಲ ಉಸಿರಾಡ್ತಿದ್ರೆ ನ್ಯುಮೋನಿಯಾ ಇರ್ಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹಾಕಿರೋ ಲೆಕ್ಕ, ಒಂದರಿಂದ ಐದು ವರ್ಷದ ಮಕ್ಕಳಿಗೆ 40, ಅದನ್ನ ಎಣಿಸ್ಬೇಕಾಗಿರೋದು ಮಗು ಅಳದೆ ಸುಮ್ನಿದ್ದಾಗ, ಪೂರ್ತಿ ಒಂದು ನಿಮಿಷ. ಜೊತೆಗೆ ಉಸಿರು ಎಳ್ಕೊಂಡಾಗ ಎದೆಗೂಡಿನ ಕೆಳಭಾಗ ಒಳಕ್ಕೆ ಸೆಳೀತಿದ್ಯಾ ಅಂತ ನೋಡ್ಬೇಕು. ಸ್ಕ್ರೀನ್‌ನಲ್ಲಿ ನನಗೆ ಕಂಡಿದ್ದು ಏನು ಅಂದ್ರೆ, ಅವ್ರ ಒಂದು ಕೈಲಿ ಮಗು, ಇನ್ನೊಂದು ಕೈಲಿ ಫೋನು, ಕ್ಯಾಮೆರಾ ಅಲ್ಲಾಡ್ತಾ ಇದೆ, ಬೆಳಕು ಹಿಂದಿನ ಕಿಟಕಿಯಿಂದ ಬರ್ತಿರೋದ್ರಿಂದ ಮಗು ಎದೆ ಬರೀ ನೆರಳು. ಎಣಿಸ್ತಾ ಎಣಿಸ್ತಾ ಚಿತ್ರ ನಿಂತೋಯ್ತು, ಮತ್ತೆ ಶುರುವಾದಾಗ ಮೂರ್ನಾಲ್ಕು ಸೆಕೆಂಡು ಹಾರಿ ಮುಂದಕ್ಕೆ ಹೋಗಿತ್ತು. ಒಂದ್ಸಲ 38 ಬಂತು, ಇನ್ನೊಂದ್ಸಲ 44, ಮೂರನೇ ಸಲ ಮಗು ಅಳೋಕೆ ಶುರು ಮಾಡ್ತು. ಆಗೋದಿಲ್ಲ ಅನ್ನಿಸಿ, ಈಗಿಂದೀಗ್ಲೇ ಹತ್ರದ ಹೆಲ್ತ್ ಸೆಂಟರಿಗೆ ಹೋಗಿ, ಅಲ್ಲಿ ನರ್ಸ್ ಕೈಲಿ ನನಗೆ ಕಾಲ್ ಮಾಡ್ಸಿ ಅಂದೆ.

ಅಲ್ಲಿ ನರ್ಸ್ ಇದ್ರು. ಅವ್ರು ಮಗೂನ ತಾಯಿ ತೊಡೆ ಮೇಲೇ ಮಲಗಿಸಿ, ಸಮಾಧಾನ ಆಗೋ ತನಕ ಕಾದು, ಅಂಗಿ ಬಿಚ್ಚಿ, ಗಡಿಯಾರ ನೋಡ್ಕೊಂಡು ಎಣಿಸಿದ್ರು. 58. ಎದೆ ಒಳಗೆ ಸೆಳೀತಿದೆ ಡಾಕ್ಟ್ರೇ ಅಂತ ನಾನು ಕೇಳೋಕೆ ಮೊದ್ಲೇ ಹೇಳಿದ್ರು. ಅಲ್ಲಿಂದ ಮುಂದೆ ನನ್ನ ಕೆಲಸ ಐದು ನಿಮಿಷದ್ದು, ಮೊದಲ ಡೋಸ್ ಎಷ್ಟು, ಆಕ್ಸಿಜನ್ ಹೇಗೆ, ಯಾವ ಆಸ್ಪತ್ರೆಗೆ ಕಳಿಸ್ಬೇಕು, ಅಲ್ಲಿ ಯಾರಿಗೆ ಮೊದ್ಲೇ ಫೋನ್ ಮಾಡಿ ಹೇಳ್ಬೇಕು. ಮಗು ಹುಷಾರಾಯ್ತು. ಆದ್ರೆ ಅವತ್ತು ಆ ನರ್ಸ್ ರಜೆಲಿದ್ದಿದ್ರೆ, ಅಥವಾ ಎಷ್ಟೋ ಕಡೆ ಇರೋ ಹಾಗೆ ಆ ಹುದ್ದೆನೇ ಖಾಲಿ ಬಿದ್ದಿದ್ರೆ, ನಾನು 44 ಅನ್ನೋ ಲೆಕ್ಕ ನಂಬ್ಕೊಂಡು ಕೆಮ್ಮಿನ ಔಷಧಿ ಬರೆದು ಮುಂದಿನ ಕಾಲ್ ತಗೊಳ್ತಿದ್ನೇನೋ ಅಂತ ಈಗ್ಲೂ ಅನ್ಸುತ್ತೆ.

ಈ ವಿಷ್ಯ ಹೊಸದಲ್ಲ. ಆಸ್ಟ್ರೇಲಿಯಾದ ಒಳನಾಡಲ್ಲಿ 1928ರಲ್ಲಿ ಜಾನ್ ಫ್ಲಿನ್ ಅನ್ನೋರು ವಿಮಾನದಲ್ಲಿ ಡಾಕ್ಟ್ರನ್ನ ಕಳಿಸೋ ಸೇವೆ ಶುರು ಮಾಡಿದ್ರು, ಮರುವರ್ಷ ಆಲ್ಫ್ರೆಡ್ ಟ್ರೇಗರ್ ಅನ್ನೋ ಎಂಜಿನಿಯರ್ ಕಾಲಲ್ಲಿ ಪೆಡಲ್ ತುಳಿದು ಕರೆಂಟ್ ಮಾಡ್ಕೊಳ್ಳೋ ರೇಡಿಯೋ ತಯಾರು ಮಾಡಿದ್ರು, ನೂರಾರು ಮೈಲಿ ದೂರದ ಒಂಟಿ ಮನೆಯೋರು ಡಾಕ್ಟ್ರ ಜೊತೆ ಮಾತಾಡೋ ಹಾಗಾಯ್ತು. ನನಗೆ ಇದ್ರಲ್ಲಿ ತುಂಬಾ ಇಷ್ಟ ಆಗೋದು ರೇಡಿಯೋ ಅಲ್ಲ, ಆಮೇಲೆ 1942ರಿಂದ ಅವ್ರು ಆ ದೂರದ ಜಾಗಗಳಿಗೆ ಕೊಟ್ಟ ಔಷಧಿ ಪೆಟ್ಟಿಗೆ. ಪ್ರತಿ ಔಷಧಿಗೂ ಒಂದೊಂದು ನಂಬರ್. ಔಷಧಿ ಹೆಸ್ರು ಓದೋಕೆ ಬರ್ದಿದ್ರೂ, ರೇಡಿಯೋಲಿ ಸದ್ದು ಗೊರಗೊರ ಅಂತಿದ್ರೂ, ಡಾಕ್ಟ್ರು ಇಂಥ ನಂಬರಿಂದು ಇಷ್ಟು ಕೊಡಿ ಅಂದ್ರೆ ಸಾಕು, ಔಷಧಿ ಕೈಗೆ ಸಿಗುವಷ್ಟು ಹತ್ರ ಇತ್ತು. ಸಲಹೆ ಜೊತೆ ಮದ್ದೂ ಅಲ್ಲೇ ಇರ್ಬೇಕು ಅನ್ನೋದು ಅವ್ರಿಗೆ ಅವತ್ತೇ ಗೊತ್ತಿತ್ತು. ಇವತ್ತು ನಾವು ಒಳ್ಳೆ ಕ್ಯಾಮೆರಾದಲ್ಲಿ ನೋಡಿ, ನೀಟಾಗಿ ಟೈಪ್ ಮಾಡಿದ ಚೀಟಿ ಫೋನಿಗೆ ಕಳಿಸ್ತೀವಿ, ಆ ಮಾತ್ರೆ ಸಿಗೋ ಅಂಗಡಿಗೆ ಹೋಗೋಕೆ ಪೇಷೆಂಟ್ ಅರ್ಧ ದಿನ ಬಸ್ಸಲ್ಲಿ ಕೂರ್ಬೇಕು. ಹಂಗಾದ್ರೆ ಪ್ರಯಾಣ ಉಳಿಸಿದ್ದು ಎಲ್ಲಿ?

ನಾನು ಟೆಲಿಮೆಡಿಸಿನ್ ವಿರೋಧಿ ಅಂತ ದಯವಿಟ್ಟು ತಿಳ್ಕೋಬೇಡಿ. ಅದ್ರಿಂದ ಆಗಿರೋ ಒಳ್ಳೇದು ಕಣ್ಣಾರೆ ನೋಡಿದೀನಿ. ಬಿಪಿ, ಶುಗರ್ ಇರೋರು ಪ್ರತಿ ತಿಂಗಳೂ ಮಾತ್ರೆ ಸರಿ ಇದ್ಯಾ ಅಂತ ಕೇಳೋಕೆ ಒಂದು ದಿನದ ಕೂಲಿ ಬಿಟ್ಟು, ಜೊತೆಗೆ ಮನೆಯೋರೊಬ್ರನ್ನ ಕರ್ಕೊಂಡು, ಹೋಗಿ ಬಂದು ಮಾಡೋದು ಸುಮ್ನೆ ಹಿಂಸೆ. ಹಾಗೆ ಎರಡು ಸಲ ಹೋದೋರು ಮೂರನೇ ಸಲ ಹೋಗಲ್ಲ, ಮಾತ್ರೆ ನಿಲ್ಲಿಸ್ಬಿಡ್ತಾರೆ, ಆಮೇಲೆ ನಮ್ಮ ಹತ್ರ ಬರೋದು ಲಕ್ವ ಹೊಡೆದ್ಮೇಲೆನೇ. ಆ ಫಾಲೋ ಅಪ್ ಫೋನಲ್ಲೇ ಆಗ್ಬಹುದು, ಮನೆ ಹತ್ರ ಯಾರಾದ್ರೂ ಬಿಪಿ ಅಳೆದು ಕೊಟ್ರೆ ಸಾಕು. ಚರ್ಮದ ಕಾಯಿಲೆಗೆ ಲೈವ್ ವಿಡಿಯೋ ಕೂಡ ಬೇಕಿಲ್ಲ, ಒಳ್ಳೆ ಬೆಳಕಲ್ಲಿ ತೆಗೆದ ಎರಡು ಫೋಟೋ ಕಳಿಸಿದ್ರೆ ಸ್ಪೆಷಲಿಸ್ಟ್ ಸಂಜೆ ಬಿಡುವಾದಾಗ ನೋಡಿ ಹೇಳ್ತಾರೆ. ಶುಗರ್‌ನಿಂದ ಕಣ್ಣಿನ ಒಳಪರದೆ ಹಾಳಾಗೋದನ್ನ ಹಿಡಿಯೋದೂ ಹಂಗೇ, ಹಳ್ಳಿಲಿ ತರಬೇತಿ ಆಗಿರೋರು ಫೋಟೋ ತೆಗೆದ್ರೆ ಓದೋರು ಎಲ್ಲಿದ್ರೂ ನಡೆಯುತ್ತೆ. ನೆಟ್‌ವರ್ಕ್ ಸಾಧಾರಣ ಇರೋ ಕಡೆ ಇಂಥ ಕಳಿಸಿ ಇಟ್ಟು ಆಮೇಲೆ ನೋಡೋ ಪದ್ಧತಿನೇ ಜಾಸ್ತಿ ಉಪಯೋಗ, ಯಾಕೋ ಯೋಜನೆ ಮಾಡೋರಿಗೆ ಲೈವ್ ವಿಡಿಯೋ ಮೇಲೇ ಮೋಹ. ಮನಸ್ಸಿನ ಕಾಯಿಲೆಗಂತೂ ಇದು ದೊಡ್ಡ ದಾರಿ. ಆ ಡಾಕ್ಟ್ರ ಬಾಗಿಲಲ್ಲಿ ಕೂತಿರೋದನ್ನ ಯಾರಾದ್ರೂ ನೋಡ್ಬಿಟ್ರೆ ಅಂತ ವರ್ಷಗಟ್ಟಲೆ ಒಳಗೊಳಗೇ ನರಳಿದೋರು ವಿಡಿಯೋಲಿ ಬಾಯಿಬಿಟ್ಟು ಮಾತಾಡಿದ್ದು ನೋಡಿದೀನಿ.

ಲಕ್ವದ ವಿಷ್ಯದಲ್ಲಿ ಲೆಕ್ಕ ಇನ್ನೂ ಕಟುವಾಗಿದೆ. ರಕ್ತ ಹೆಪ್ಪುಗಟ್ಟಿ ಮೆದುಳಿನ ರಕ್ತನಾಳ ಕಟ್ಕೊಂಡ್ರೆ ಆ ಹೆಪ್ಪು ಕರಗಿಸೋ ಇಂಜೆಕ್ಷನ್ನನ್ನ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡ್ಬೇಕು, ಬೇಗ ಕೊಟ್ಟಷ್ಟೂ ಒಳ್ಳೇದು. ಸಣ್ಣ ಆಸ್ಪತ್ರೆಲಿ ಸಿಟಿ ಸ್ಕ್ಯಾನ್ ಇದೆ, ನರರೋಗ ತಜ್ಞರಿಲ್ಲ ಅಂದಾಗ, ದೂರದಲ್ಲಿರೋ ತಜ್ಞರು ವಿಡಿಯೋಲಿ ಪೇಷೆಂಟ್ ಕೈ ಎತ್ತೋದು, ನಗೋದು, ಮಾತಾಡೋದು ನೋಡಿ, ಸ್ಕ್ಯಾನ್ ನೋಡಿ, ಕೊಡಿ ಅಂತ ಹೇಳ್ಬಹುದು. ಎಷ್ಟೋ ದೇಶಗಳಲ್ಲಿ ಇದು ದಿನಾ ನಡೀತಿರೋ ಕೆಲಸ. ಗಮನಿಸಿ, ಅಲ್ಲೂ ಸ್ಕ್ಯಾನ್ ಈ ಕಡೆನೇ ಇರ್ಬೇಕು, ಇಂಜೆಕ್ಷನ್ ಈ ಕಡೆನೇ ಇರ್ಬೇಕು, ಕೈ ಎತ್ತಿಸಿ ನೋಡೋರೂ ಈ ಕಡೆನೇ ಇರ್ಬೇಕು. ಆ ಕಡೆಯಿಂದ ಬರೋದು ಧೈರ್ಯ ಮತ್ತೆ ತೀರ್ಮಾನ.

ಆ ಧೈರ್ಯದ ಬೆಲೆ ಹಳ್ಳಿ ಡಾಕ್ಟ್ರಿಗೆ ಮಾತ್ರ ಗೊತ್ತು. ರಾತ್ರಿ ಎರಡು ಗಂಟೆಗೆ ಒಬ್ಬರೇ ಡ್ಯೂಟಿಲಿದ್ದಾಗ, ಎದುರಿಗೆ ಫಿಟ್ಸ್ ನಿಲ್ಲದೇ ಇರೋ ಬಾಣಂತಿ, ಓದಿದ್ದೆಲ್ಲ ತಲೇಲಿದೆ ಆದ್ರೆ ಕೈ ನಡುಗ್ತಿದೆ, ಆಗ ಫೋನಿನ ಆ ಕಡೆಯಿಂದ ಒಬ್ರು ಹಿರಿಯರು 'ನೀವು ಮಾಡ್ತಿರೋದು ಸರಿ ಇದೆ, ಮುಂದುವರಿಸಿ, ನಾನು ಲೈನಲ್ಲೇ ಇರ್ತೀನಿ' ಅಂದ್ರೆ ಅದಕ್ಕೆ ಸಮ ಯಾವ್ದೂ ಇಲ್ಲ. ಡಾಕ್ಟ್ರುಗಳು ಹಳ್ಳಿ ಬಿಟ್ಟು ಹೋಗೋದು ಬರೀ ಸಂಬಳಕ್ಕೆ ಅಂತ ನೀವು ಅಂದ್ಕೊಂಡಿದೀರಿ, ಆ ಒಂಟಿತನಕ್ಕೂ ಹೋಗ್ತಾರೆ. ತಪ್ಪಾದ್ರೆ ಕೇಳೋರು ಹತ್ತು ಜನ ಇರ್ತಾರೆ, ತಪ್ಪಾಗೋ ಮೊದ್ಲು ಹೇಳಿಕೊಡೋರು ಒಬ್ರೂ ಇರಲ್ಲ.

ಇದನ್ನ ಅರ್ಥ ಮಾಡ್ಕೊಂಡು ಕೆಲಸ ಮಾಡಿದೋರು ಅಮೆರಿಕದ ನ್ಯೂ ಮೆಕ್ಸಿಕೋದ ಡಾಕ್ಟರ್ ಸಂಜೀವ್ ಅರೋರಾ. ಅವ್ರು ಲಿವರ್ ತಜ್ಞರು, ಹೆಪಟೈಟಿಸ್ ಸಿ ಇರೋರು ಅವ್ರ ಕ್ಲಿನಿಕ್‌ಗೆ ತಿಂಗಳುಗಟ್ಟಲೆ ಕಾಯ್ಬೇಕಿತ್ತು, ದೂರದಿಂದ ಬರ್ಬೇಕಿತ್ತು. 2003ರಲ್ಲಿ ಅವ್ರು ಪ್ರಾಜೆಕ್ಟ್ ಎಕೋ ಅಂತ ಶುರು ಮಾಡಿದ್ರು. ಪೇಷೆಂಟ್‌ಗಳನ್ನ ವಿಡಿಯೋಲಿ ತಾವೇ ನೋಡೋ ಬದಲು, ಹಳ್ಳಿ ಡಾಕ್ಟ್ರುಗಳು ನರ್ಸ್‌ಗಳನ್ನ ವಾರಕ್ಕೊಂದ್ಸಲ ವಿಡಿಯೋಲಿ ಕೂರಿಸ್ಕೊಂಡು, ಅವ್ರ ಕೇಸುಗಳನ್ನ ಅವ್ರ ಬಾಯಲ್ಲೇ ಹೇಳಿಸಿ, ಚರ್ಚೆ ಮಾಡಿ ಕಲಿಸಿದ್ರು. ಚಿಕಿತ್ಸೆ ಕೊಟ್ಟಿದ್ದು ಹಳ್ಳಿಯೋರೇ. 2011ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ 407 ಪೇಷೆಂಟ್‌ಗಳ ಫಲಿತಾಂಶ ಬಂತು: ಯೂನಿವರ್ಸಿಟಿ ಕ್ಲಿನಿಕ್‌ನಲ್ಲಿ ವೈರಸ್ ಹೋದೋರು 57.5%, ಹಳ್ಳಿ ಮತ್ತೆ ಜೈಲು ಕ್ಲಿನಿಕ್‌ಗಳಲ್ಲಿ 58.2%. ಅಂದ್ರೆ ಒಂಚೂರೂ ಕಮ್ಮಿ ಇಲ್ಲ. ಈ ಎರಡು ನಂಬರ್ ನಿಮ್ಮ ಟೇಬಲ್ ಮೇಲೆ ಬರೆದಿಟ್ಕೊಳ್ಳಿ ಅಂತ ಕೇಳ್ಕೊಳ್ತೀನಿ. ವಿಡಿಯೋ ಅಲ್ಲಿ ಹಳ್ಳಿ ಡಾಕ್ಟ್ರನ್ನ ಬೆಳೆಸ್ತು. ನಿಮ್ಮ ಎಷ್ಟೋ ಯೋಜನೆಗಳಲ್ಲಿ ಅದೇ ವಿಡಿಯೋ ಹಳ್ಳಿ ಡಾಕ್ಟ್ರು ಬೇಡ ಅನ್ನೋಕೆ ನೆಪ ಆಗ್ತಿದೆ.

ಈಗ ನಾನೇ ಮಾಡಿದ ತಪ್ಪಿನ ವಿಷ್ಯ. ಶುಗರ್ ಇದ್ದ ಒಬ್ರು ಹಿರಿಯರು ಫೋನ್ ಮಾಡಿ, ಬೆಳಿಗ್ಗೆಯಿಂದ ಹೊಟ್ಟೆ ಮೇಲ್ಭಾಗ ಉರಿ, ಒಂಥರಾ ಹಿಂಡಿದ ಹಾಗೆ, ಸ್ವಲ್ಪ ಬೆವರು, ಗ್ಯಾಸ್ ಇರ್ಬೇಕು ಡಾಕ್ಟ್ರೇ ಅಂದ್ರು. ಆಡಿಯೋ ಕಾಲ್, ವಿಡಿಯೋ ಹೋಗ್ತಿರ್ಲಿಲ್ಲ, ನನ್ನ ಕ್ಯೂನಲ್ಲಿ ಇನ್ನೂ ಹದಿನೈದು ಜನ ಕಾಯ್ತಿದ್ರು. ಗ್ಯಾಸಿನ ಮಾತ್ರೆ ಬರೆದು, ಕಮ್ಮಿ ಆಗ್ದಿದ್ರೆ ಆಸ್ಪತ್ರೆಗೆ ಹೋಗಿ ಅಂದೆ. ಅದು ಹಾರ್ಟ್ ಅಟ್ಯಾಕ್. ಹೃದಯದ ಕೆಳಭಾಗಕ್ಕೆ ಪೆಟ್ಟಾದ್ರೆ ನೋವು ಹೊಟ್ಟೇಲಿ ಕಾಣಿಸ್ಕೊಳ್ಳೋದು, ಶುಗರ್ ಇರೋರಿಗೆ ಎದೆನೋವೇ ಬರ್ದೇ ಇರ್ಬಹುದು ಅನ್ನೋದು, ಎಲ್ಲ ನನಗೆ ಗೊತ್ತಿರೋದೇ. ಎದುರಿಗೆ ಕೂತಿದ್ದಿದ್ರೆ ಅವ್ರ ಮುಖದ ಬಣ್ಣ, ಅಂಗೈಯ ತಣ್ಣನೆ ಬೆವರು ಸಾಕಿತ್ತು, ನಾನೇ ಎದ್ದು ಹೋಗಿ ಇಸಿಜಿ ತೆಗೀತಿದ್ದೆ. ಅವ್ರು ಬದುಕಿದ್ರು, ಮನೆಯೋರು ಸಂಜೆ ಹೊತ್ಗೆ ಕರ್ಕೊಂಡು ಹೋಗಿದ್ರಿಂದ. ಆದ್ರೆ ಹೃದಯದ ಒಂದು ಭಾಗ ಹೋಯ್ತು, ಅದು ನನ್ನ ಲೆಕ್ಕಕ್ಕೇ ಬರುತ್ತೆ, ಇದನ್ನ ಮುಚ್ಚಿಟ್ಕೊಂಡು ನಿಮಗೆ ಬುದ್ಧಿ ಹೇಳೋದು ಸರಿ ಅನ್ನಿಸ್ಲಿಲ್ಲ.

ಇಸಿಜಿ ವಿಷ್ಯ ಯಾಕೆ ಎತ್ತಿದೆ ಅಂದ್ರೆ, ಅದನ್ನ ಕಂಡುಹಿಡಿದ ವಿಲ್ಲೆಮ್ ಐಂಥೋವನ್ ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ ಆಸ್ಪತ್ರೆ ಪೇಷೆಂಟ್‌ಗಳ ಹೃದಯದ ಸಿಗ್ನಲ್ಲನ್ನ ಟೆಲಿಫೋನ್ ತಂತಿ ಮೇಲೆ ಸುಮಾರು ಒಂದೂವರೆ ಕಿಲೋಮೀಟರ್ ದೂರದ ತಮ್ಮ ಲ್ಯಾಬಿಗೆ ತರಿಸ್ಕೊಂಡು, 1906ರಲ್ಲೇ ಅದ್ರ ಬಗ್ಗೆ ಲೇಖನ ಬರೆದಿದ್ರು. ನೂರು ವರ್ಷದ ಮೇಲಾಯ್ತು. ಒಂದು ಇಸಿಜಿ ಕಳಿಸೋಕೆ ಇವತ್ತು ಒಂದು ಫೋಟೋ ಕಳಿಸುವಷ್ಟು ಡೇಟಾ ಸಾಕು. ಕಷ್ಟ ಇರೋದು ಕಳಿಸೋದ್ರಲ್ಲಿ ಅಲ್ಲ, ಎದೆ ಮೇಲೆ ಆ ಲೀಡುಗಳನ್ನ ಸರಿಯಾದ ಜಾಗಕ್ಕೆ ಅಂಟಿಸೋರು ಹಳ್ಳಿಲಿ ಇಲ್ಲದೇ ಇರೋದ್ರಲ್ಲಿ.

ಕ್ಯಾಮೆರಾ ಮಾಡೋ ಮೋಸ ಇನ್ನೂ ಇದೆ. ರಕ್ತ ಕಮ್ಮಿ ಇದ್ಯಾ ಅಂತ ಕೆಳರೆಪ್ಪೆ ಎಳೆದು ನೋಡ್ತೀವಲ್ಲ, ಕಾಮಾಲೆಗೆ ಕಣ್ಣಿನ ಬಿಳಿಭಾಗ ನೋಡ್ತೀವಲ್ಲ, ಫೋನ್ ಕ್ಯಾಮೆರಾ ತಾನೇ ಬಣ್ಣ ತಿದ್ದಿ ಚೆಂದ ಮಾಡಿ ತೋರ್ಸುತ್ತೆ, ಹಳದಿ ಬಲ್ಬಿನ ಕೆಳಗೆ ಎಲ್ಲರಿಗೂ ಕಾಮಾಲೆ, ಟ್ಯೂಬ್‌ಲೈಟ್ ಕೆಳಗೆ ಎಲ್ಲರಿಗೂ ರಕ್ತ ಕಮ್ಮಿ. ಬೆರಳಿಗೆ ಹಾಕೋ ಆಕ್ಸಿಮೀಟರೂ ಕಣ್ಮುಚ್ಚಿ ನಂಬೋ ಹಾಗಿಲ್ಲ, ಬೆರಳು ತಣ್ಣಗಿದ್ರೆ, ಉಗುರಿಗೆ ಬಣ್ಣ ಇದ್ರೆ ತಪ್ಪು ಹೇಳುತ್ತೆ, ಕಪ್ಪು ಚರ್ಮದೋರಲ್ಲಿ ಆಕ್ಸಿಜನ್ ಕಮ್ಮಿ ಇದ್ರೂ ಸರಿ ಇದೆ ಅಂತ ತೋರಿಸೋದು ಜಾಸ್ತಿ ಅಂತ 2020ರಲ್ಲಿ ಅಮೆರಿಕದ ಡಾಕ್ಟ್ರುಗಳು ತೋರಿಸ್ಕೊಟ್ರು. ಹೊಟ್ಟೆನೋವಿನ ವಿಷ್ಯ ಹೇಳೋದೇ ಬೇಡ. ಹೊಟ್ಟೆ ಮೆತ್ತಗಿದ್ಯಾ, ಹಲಗೆ ಥರ ಗಟ್ಟಿಯಾಗಿದ್ಯಾ, ಒತ್ತಿ ಬಿಟ್ಟಾಗ ನೋವು ಜಾಸ್ತಿ ಆಗುತ್ತಾ, ಇದನ್ನ ಬೆರಳು ಹೇಳ್ಬೇಕು, ಸ್ಕ್ರೀನ್ ಹೇಳಲ್ಲ.

ಇನ್ನು ಗುಟ್ಟಿನ ವಿಷ್ಯ. ಮನೇಲಿ ಇರೋದು ಒಂದೇ ಫೋನು, ಅದು ಹೆಂಗಸಿನ ಕೈಲಿ ಇರಲ್ಲ. ಮುಟ್ಟಿನ ತೊಂದ್ರೆ, ಮಕ್ಕಳಾಗದ ವಿಷ್ಯ, ಬೇಡದ ಬಸಿರು, ಮೈಮೇಲಿನ ಹೊಡೆತದ ಗುರುತು, ಇವನ್ನೆಲ್ಲ ಅವ್ರು ಹೇಗೆ ಹೇಳ್ಬೇಕು, ಫೋನ್ ಹಿಡ್ಕೊಂಡು ನಿಂತಿರೋರೇ ಹೊಡೆದೋರಾದ್ರೆ? ಕ್ಲಿನಿಕ್‌ನಲ್ಲಾದ್ರೆ 'ಸ್ವಲ್ಪ ಹೊರಗಿರಿ, ಪರೀಕ್ಷೆ ಮಾಡ್ಬೇಕು' ಅಂತ ಪರದೆ ಎಳೀತೀವಿ. ಆ ಪರದೆಗೆ ಬದಲು ಯಾವ ಆ್ಯಪೂ ಇನ್ನೂ ಬಂದಿಲ್ಲ. ಕಿವಿ ಮಂದ ಇರೋರು, ಓದು ಬರಹ ಬರ್ದೇ ಇರೋರು, ಓಟಿಪಿ ಅಂದ್ರೆ ಏನು ಅಂತ ಗೊತ್ತಿಲ್ಲದ ಅಜ್ಜಿ ತಾತ, ಅವ್ರೇ ನೋಡಿ ಆಸ್ಪತ್ರೆ ಜಾಸ್ತಿ ಬೇಕಾಗಿರೋರು, ಅವ್ರೇ ಲಾಗಿನ್ ಆಗೋ ಜಾಗದಲ್ಲಿ ಹೊರಗೆ ಉಳೀತಾರೆ.

ಡಾಕ್ಟ್ರುಗಳ ಕಷ್ಟಾನೂ ಸ್ವಲ್ಪ ಕೇಳಿ. ಹೊರರೋಗಿಗಳ ಸಾಲು ಬಾಗಿಲಾಚೆ ನಿಂತಿರುತ್ತೆ, ಅದ್ರ ಮಧ್ಯೆನೇ ಟೆಲಿ ಕಾಲ್ ಟಾರ್ಗೆಟ್ ಮುಗಿಸ್ಬೇಕು, ಅದಕ್ಕೆ ಬೇರೆ ಟೈಮ್ ಯಾರೂ ಕೊಟ್ಟಿಲ್ಲ. ಇವತ್ತು ಇಷ್ಟು ಕಾಲ್ ಯಾಕೆ ಆಗ್ಲಿಲ್ಲ ಅಂತ ಮೇಲಿಂದ ಮೆಸೇಜ್ ಬರುತ್ತೆ. ಆಗ ಏನಾಗುತ್ತೆ ಅಂದ್ರೆ, ಎದುರಿಗೆ ಬಂದು ಕೂತಿರೋ ಪೇಷೆಂಟ್‌ನೇ ಟೆಲಿ ಕಾಲ್ ಲೆಕ್ಕಕ್ಕೆ ಹಾಕಿ ನಂಬರ್ ತುಂಬಿಸೋ ಕೆಟ್ಟ ಅಭ್ಯಾಸ ಬೆಳೆಯುತ್ತೆ. ಇನ್ನೊಂದು, ಹುಷಾರಾಗೋ ಸುಲಭದ ಕೇಸುಗಳೆಲ್ಲ ಖಾಸಗಿ ಆ್ಯಪಿಗೆ ಹೋಗಿ, ಕಷ್ಟದ್ದು, ರಾತ್ರಿದು, ಕೊನೆ ಗಳಿಗೇದು ಮಾತ್ರ ಹಳ್ಳಿ ಡಾಕ್ಟ್ರ ಪಾಲಿಗೆ ಉಳಿದ್ರೆ ಆ ಮನುಷ್ಯ ಎಷ್ಟು ದಿನ ಅಲ್ಲಿ ಇರ್ತಾರೆ? ತಪ್ಪಾದ್ರೆ ಹೊಣೆ ಯಾರ್ದು, ಸಲಹೆ ಕೊಟ್ಟೋರದ್ದಾ, ಪಕ್ಕದಲ್ಲಿದ್ದ ನರ್ಸ್‌ದಾ, ಲೈನ್ ಕಟ್ ಮಾಡಿದ ನೆಟ್‌ವರ್ಕ್‌ದಾ, ಇದನ್ನ ಕಾಗದದ ಮೇಲೆ ಸ್ಪಷ್ಟ ಮಾಡದೇ ಇದ್ರೆ ಪ್ರತಿಯೊಬ್ರೂ ತಮ್ಮ ತಲೆ ಉಳಿಸ್ಕೊಳ್ಳೋಕೆ ದೊಡ್ಡಾಸ್ಪತ್ರೆಗೆ ಹೋಗಿ ಅಂತ ಬರೆದು ಕೈ ತೊಳ್ಕೊಳ್ತಾರೆ. ನೇರ ಬನ್ನಿ, ಫೋನಲ್ಲಿ ನೋಡೋಕಾಗಲ್ಲ ಅಂತ ಹೇಳೋ ಹಕ್ಕು ಡಾಕ್ಟ್ರಿಗಿರ್ಬೇಕು, ಅದಕ್ಕೆ ಅವ್ರ ಟಾರ್ಗೆಟ್ ಕಮ್ಮಿ ಆಯ್ತು ಅಂತ ಯಾರೂ ಬೈಬಾರ್ದು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಡಿಜಿಟಲ್ ಆರೋಗ್ಯದ ಬಗ್ಗೆ ಮಾರ್ಗಸೂಚಿ ತಂತಲ್ಲ, ಅದ್ರಲ್ಲೂ ಟೆಲಿಮೆಡಿಸಿನ್ ಈಗಿರೋ ಸೇವೆಗೆ ಪೂರಕವಾಗಿರ್ಬೇಕು, ಅದ್ರ ಜಾಗಕ್ಕೆ ಬರ್ಬಾರ್ದು ಅನ್ನೋ ಷರತ್ತಿನ ಮೇಲೇ ಒಪ್ಪಿಗೆ ಕೊಟ್ಟಿದಾರೆ. ಮರುವರ್ಷವೇ ಕೊರೋನಾ ಬಂತು, ಎಲ್ಲಾ ಕಡೆ ರಾತ್ರೋರಾತ್ರಿ ಫೋನೇ ಆಸ್ಪತ್ರೆ ಆಯ್ತು, ಆಗ ಬೇರೆ ದಾರಿ ಇರ್ಲಿಲ್ಲ, ಒಪ್ತೀನಿ. ಆದ್ರೆ ಆಪತ್ತಿಗೆ ಅಂತ ಹಾಕಿದ ಹಲಗೆನೇ ಈಗ ಸೇತುವೆ ಅಂತ ತೋರಿಸ್ತಿದೀರಿ.

ಹಾಗಾಗಿ ನಾನು ಕೇಳ್ತಿರೋದು ಇಷ್ಟು. ಪ್ರತಿ ಟೆಲಿಮೆಡಿಸಿನ್ ಸೆಂಟರಿಗೂ ಮೊದ್ಲು ನರ್ಸ್ ಹುದ್ದೆ ತುಂಬಿ, ಆಮೇಲೆ ಟಿವಿ ತಗೊಳ್ಳಿ. ಆ ನರ್ಸಿಗೆ ಉಸಿರು ಎಣಿಸೋಕೆ, ಹೊಟ್ಟೆ ಮುಟ್ಟಿ ನೋಡೋಕೆ, ಇಸಿಜಿ ತೆಗೆಯೋಕೆ, ಕ್ಯಾಮೆರಾ ಎಲ್ಲಿ ಹಿಡೀಬೇಕು ಅನ್ನೋದಕ್ಕೆ ಸರಿಯಾದ ತರಬೇತಿ ಕೊಡಿ, ಸಂಬಳದಲ್ಲಿ ಆ ಕೆಲಸಕ್ಕೆ ಲೆಕ್ಕ ಇರ್ಲಿ. ಸಾಮಾನ್ಯವಾಗಿ ಬೇಕಾಗೋ ಔಷಧಿ ಅದೇ ಕಟ್ಟಡದಲ್ಲಿ ಇಡಿ, ಆ ಆಸ್ಟ್ರೇಲಿಯಾದ ಪೆಟ್ಟಿಗೆ ನೆನಪಿಸ್ಕೊಳ್ಳಿ. ನೆಟ್ ಸ್ಪೀಡ್ ಚೆಕ್ ಮಾಡೋವಾಗ ಡೌನ್‌ಲೋಡ್ ನೋಡ್ಬೇಡಿ, ಹಳ್ಳಿಯಿಂದ ಚಿತ್ರ ಮೇಲಕ್ಕೆ ಹೋಗೋ ಅಪ್‌ಲೋಡ್ ನೋಡಿ, ನಮಗೆ ಕಾಣ್ಬೇಕಾಗಿರೋದು ಪೇಷೆಂಟು, ಪೇಷೆಂಟ್‌ಗೆ ನಮ್ಮ ಮುಖ ಅಷ್ಟು ನೀಟಾಗಿ ಕಾಣ್ದಿದ್ರೂ ನಡೆಯುತ್ತೆ. ಟೆಲಿ ಕಾಲ್‌ಗೆ ಡ್ಯೂಟಿಲಿ ಬೇರೆ ಗಂಟೆ ಇಡಿ. ವಾರಕ್ಕೊಂದ್ಸಲ ಹಳ್ಳಿ ಡಾಕ್ಟ್ರು ನರ್ಸ್‌ಗಳನ್ನ ತಜ್ಞರ ಜೊತೆ ಕೂರಿಸಿ ಅವ್ರ ಕೇಸ್ ಮಾತಾಡಿಸಿ, ಇದಕ್ಕೆ ಖರ್ಚು ಹೆಚ್ಚಿಲ್ಲ, ಮನಸ್ಸು ಬೇಕು.

ಕೊನೆಗೆ ನಿಮ್ಮ ವರ್ಷದ ವರದಿ ಬಗ್ಗೆ. ಅದ್ರಲ್ಲಿ ಇಷ್ಟು ಲಕ್ಷ ಕಾಲ್ ಆಯ್ತು ಅಂತ ದೊಡ್ಡದಾಗಿ ಬರೀತೀರಿ. ಅದ್ರ ಪಕ್ಕದಲ್ಲಿ ಇನ್ನೊಂದು ಕಾಲಂ ಸೇರಿಸಿ: ಆಸ್ಪತ್ರೆಗೆ ಹೋಗಿ ಅಂತ ನಾವು ಹೇಳಿದೋರಲ್ಲಿ ಎಷ್ಟು ಜನ ನಿಜವಾಗ್ಲೂ ತಲುಪಿದ್ರು, ಎಷ್ಟು ಹೊತ್ತಿಗೆ ತಲುಪಿದ್ರು, ಗಾಡಿ ಸಿಕ್ತಾ, ಅಲ್ಲಿ ಬೆಡ್ ಸಿಕ್ತಾ. ನಾನು ಹಾಗೆ ಹೋಗಿ ಅಂದ ಎಷ್ಟೋ ಜನ ಏನಾದ್ರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಕಾಲ್ ಕಟ್ ಆದ ತಕ್ಷಣ ನಮ್ಮ ಸಿಸ್ಟಮ್‌ನಲ್ಲಿ ಆ ಹೆಸ್ರಿನ ಮುಂದೆ 'ಪೂರ್ಣಗೊಂಡಿದೆ' ಅಂತ ಹಸಿರು ಗುರುತು ಬೀಳುತ್ತೆ. ಮೊದ್ಲು ಅದನ್ನ ತೆಗೆಸಿ, ಆ ಮನುಷ್ಯ ಆಸ್ಪತ್ರೆ ಬಾಗಿಲು ದಾಟಿದ್ಮೇಲೆ ಬೀಳೋ ಹಾಗೆ ಮಾಡಿ.

ಇಂತಿ,
ಎರಡೂ ಕಡೆ ಕೂತು ಕೆಲಸ ಮಾಡಿರೋ ಒಬ್ಬ ಡಾಕ್ಟರ್